ಬ್ಲ್ಯಾಕ್ ಹೋಲ್ ಎಲ್ಲವನ್ನೂ ನುಂಗಲ್ಲ: ಗ್ಯಾಲಕ್ಸಿಯ ನಡುವಿಗೆ ಗ್ಯಾಸ್ ಹೋಗೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ಹಾಸ್ಟೆಲ್ ಟೆರೇಸ್ ಮೇಲೆ ಓಡಾಡ್ತಾ ಇರೋರಿಗೆ, ಕಣದಲ್ಲಿ ಕಾಫಿ ಹರಡ್ತಾ ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ಸಂಚಿಕೆ ಒಂದು ತಪ್ಪೊಪ್ಪಿಗೆಯಿಂದ ಶುರು. ಕೆಲವು ವಾರಗಳ ಹಿಂದೆ ಬ್ಲ್ಯಾಕ್ ಹೋಲ್ ಬಗ್ಗೆ ಮಾತಾಡ್ತಾ ನಾನು ಒಂದು ಉದಾಹರಣೆ ಕೊಟ್ಟಿದ್ದೆ. ಅಡುಗೆಮನೆ ಸಿಂಕ್‌ನಲ್ಲಿ ನೀರು ತುಂಬಿ, ಮುಚ್ಚಳ ತೆಗೆದ್ರೆ ನೀರು ಸುತ್ತುತ್ತಾ ಸುತ್ತುತ್ತಾ ತೂತಿಗೆ ಇಳಿಯುತ್ತಲ್ಲ, ಗ್ಯಾಲಕ್ಸಿ ನಡುವೆಯೂ ಹಾಗೇ, ಎಲ್ಲಾ ಗ್ಯಾಸ್ ಬ್ಲ್ಯಾಕ್ ಹೋಲ್‌ಗೆ ಇಳಿಯುತ್ತೆ ಅಂದಿದ್ದೆ. ಕೇಳೋಕೆ ಚೆನ್ನಾಗಿತ್ತು. ಶೇರ್ ಕೂಡ ಆಯ್ತು.

ಎರಡು ಪ್ರತಿಕ್ರಿಯೆ ಬಂತು. ಒಂದು, ಪಿಯುಸಿಗೆ ಫಿಸಿಕ್ಸ್ ಪಾಠ ಮಾಡಿ ನಿವೃತ್ತರಾದ ಒಬ್ಬ ಮೇಷ್ಟ್ರ ವಾಯ್ಸ್ ನೋಟ್. "ತಮ್ಮಾ, ಸಿಂಕ್ ಉದಾಹರಣೆ ಬಿಟ್ಟುಬಿಡು. ಗ್ಯಾಲಕ್ಸಿ ಸಿಂಕ್ ಥರ ಇದ್ದಿದ್ರೆ ನೀನು ಪಾಡ್‌ಕಾಸ್ಟ್ ಮಾಡೋಕೆ ಇರ್ತಿರಲಿಲ್ಲ" ಅಂದ್ರು. ಇನ್ನೊಂದು, ನನ್ನ ಅಕ್ಕನ ಫೋನ್. ಅವಳ ಮಗಳಿಗೆ 9 ವರ್ಷ. ನನ್ನ ಸಂಚಿಕೆ ಕೇಳಿಸ್ಕೊಂಡು ರಾತ್ರಿ ಮಲಗ್ಲೇ ಇಲ್ವಂತೆ. ಫೋನ್ ಕಿತ್ಕೊಂಡು ನನ್ನ ಹತ್ರ ಕೇಳಿದ್ದು ಒಂದೇ ಪ್ರಶ್ನೆ: "ಮಾವ, ನಾವು ಯಾವಾಗ ಒಳಗೆ ಹೋಗ್ತೀವಿ?"

ನಾನು ಬಿಕಾಂ ಓದಿದವನು. ಖಗೋಳ ವಿಜ್ಞಾನಿ ಅಲ್ಲ. ಆದ್ರೆ ಮಗುವಿನ ನಿದ್ದೆ ಕೆಡಿಸಿದ್ದು ನನ್ನ ತಪ್ಪು ಉದಾಹರಣೆ. ಹಾಗಾಗಿ ಮೇಷ್ಟ್ರ ಹತ್ರ ಕೂತು, ಓದಿ, ಮತ್ತೆ ಕೇಳಿ, ಸರಿಯಾದ ಲೆಕ್ಕ ಏನು ಅಂತ ತಿಳ್ಕೊಂಡು ಬಂದಿದ್ದೀನಿ. ಸಿಂಕ್ ಕಥೆಗಿಂತ ಇದು ತುಂಬಾ ಚೆನ್ನಾಗಿದೆ.

ಮೊದಲು ತೂಕದ ಲೆಕ್ಕ

ನಮ್ಮ ಗ್ಯಾಲಕ್ಸಿ, ಅಂದ್ರೆ ಆಕಾಶಗಂಗೆ, ಅದರ ನಟ್ಟನಡುವೆ ಒಂದು ಬ್ಲ್ಯಾಕ್ ಹೋಲ್ ಇರೋದು ನಿಜ. ಹೆಸರು ಸ್ಯಾಜಿಟೇರಿಯಸ್ ಎ ಸ್ಟಾರ್. 2022ರ ಮೇ 12ರಂದು ಅದರ ಮೊದಲ ಚಿತ್ರ ಬಿಡುಗಡೆ ಆಯ್ತು. ಕಿತ್ತಳೆ ಬಣ್ಣದ ಮಸುಕು ಮಸುಕಾದ ಬಳೆ, ನೆನಪಿದೆಯಲ್ಲ? ಅದರ ತೂಕ ಸುಮಾರು 43 ಲಕ್ಷ ಸೂರ್ಯರಷ್ಟು. ನಮ್ಮಿಂದ ದೂರ ಸುಮಾರು 26 ಸಾವಿರ ಜ್ಯೋತಿರ್ವರ್ಷ.

43 ಲಕ್ಷ ಸೂರ್ಯ ಅಂದ್ರೆ ದೊಡ್ಡದು ಅನ್ಸುತ್ತೆ. ಆದ್ರೆ ಸೂರ್ಯ ಸುತ್ತೋ ವೃತ್ತದ ಒಳಗಡೆ ಇರೋ ಒಟ್ಟು ತೂಕ ನೋಡಿ. ನಕ್ಷತ್ರ, ಗ್ಯಾಸ್, ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರ್ ಎಲ್ಲಾ ಸೇರಿ ಹೆಚ್ಚುಕಮ್ಮಿ 10 ಸಾವಿರ ಕೋಟಿ ಸೂರ್ಯರಷ್ಟು. ಈಗ ಬ್ಯಾಲೆನ್ಸ್ ಶೀಟ್ ಹಾಕಿ. ಒಟ್ಟು ಆಸ್ತಿ 1 ಲಕ್ಷ ರೂಪಾಯಿ ಅಂತ ಇಟ್ಕೊಂಡ್ರೆ, ಬ್ಲ್ಯಾಕ್ ಹೋಲ್‌ನ ಪಾಲು ನಾಲ್ಕು ರೂಪಾಯಿ ಚಿಲ್ಲರೆ. ನಮ್ಮ ಸೂರ್ಯನನ್ನ ಹಿಡಿದು ಸುತ್ತಿಸ್ತಾ ಇರೋದು ಆ ಲಕ್ಷ ರೂಪಾಯಿ. ನಾಲ್ಕು ರೂಪಾಯಿಯ ಯಜಮಾನ ನಮ್ಮನ್ನ ಎಳ್ಕೊಳ್ಳೋ ಪ್ರಶ್ನೆಯೇ ಇಲ್ಲ.

ಇಲ್ಲಿಗೆ ಮಗುವಿನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ತು. ಇನ್ನರ್ಧ ಇದಕ್ಕಿಂತ ಸ್ವಾರಸ್ಯ. ಯಾಕಂದ್ರೆ ಅಷ್ಟೊಂದು ತೂಕ ನಡುವೆ ಇದ್ಮೇಲೆ, ಅದರ ಗುರುತ್ವದಿಂದಲೇ ಎಲ್ಲಾ ಒಳಗೆ ಬೀಳಬೇಕಲ್ವಾ? ಯಾಕೆ ಬೀಳಲ್ಲ?

ಸುತ್ತುವ ಬಂಡವಾಳ

ಬೀಳದೇ ಇರೋದಕ್ಕೆ ಕಾರಣ, ಎಲ್ಲವೂ ಪಕ್ಕಕ್ಕೆ ಓಡ್ತಾ ಇದೆ. ಸೂರ್ಯ ಸೆಕೆಂಡಿಗೆ ಸುಮಾರು 230 ಕಿಲೋಮೀಟರ್ ವೇಗದಲ್ಲಿ ಗ್ಯಾಲಕ್ಸಿ ನಡುವನ್ನ ಸುತ್ತುತ್ತಾ ಇದ್ದಾನೆ. ಒಂದು ಸುತ್ತಿಗೆ 20 ಕೋಟಿ ವರ್ಷದ ಮೇಲೆ ಬೇಕು. ಹಗ್ಗಕ್ಕೆ ಕಲ್ಲು ಕಟ್ಟಿ ಬೀಸೋವಾಗ ಕಲ್ಲು ಕೈಗೆ ಬಂದು ಬೀಳಲ್ಲ ನೋಡಿ, ಹಾಗೆ.

ಈ ಸುತ್ತುವಿಕೆಗೆ ಫಿಸಿಕ್ಸ್‌ನಲ್ಲಿ ಒಂದು ಅಳತೆ ಇದೆ: ಕೋನೀಯ ಸಂವೇಗ. ತೂಕ ಎಷ್ಟು, ನಡುವಿನಿಂದ ದೂರ ಎಷ್ಟು, ಅಡ್ಡ ಓಟದ ವೇಗ ಎಷ್ಟು, ಮೂರನ್ನೂ ಗುಣಿಸಿದ್ರೆ ಬರೋದು. ನಾನು ಇದಕ್ಕೆ 'ಸುತ್ತುವ ಬಂಡವಾಳ' ಅಂತ ಹೆಸರಿಟ್ಕೊಂಡಿದ್ದೀನಿ. ಇದರ ನಿಯಮ ನಮ್ಮ ಡಬಲ್ ಎಂಟ್ರಿ ಬುಕ್ ಕೀಪಿಂಗ್ ಇದ್ದ ಹಾಗೆ. ಒಂದು ಖಾತೆಯಲ್ಲಿ ಕಮ್ಮಿ ಆಗ್ಬೇಕಾದ್ರೆ ಇನ್ನೊಂದು ಖಾತೆಯಲ್ಲಿ ಅಷ್ಟೇ ಜಾಸ್ತಿ ಆಗ್ಲೇಬೇಕು. ಗಾಳಿಯಲ್ಲಿ ಮಾಯ ಆಗೋ ಹಾಗಿಲ್ಲ.

ಈಗ ನಡುವಿನಿಂದ 10 ಸಾವಿರ ಜ್ಯೋತಿರ್ವರ್ಷ ದೂರದಲ್ಲಿ ಒಂದು ಗ್ಯಾಸ್ ಮೋಡ ಸುತ್ತುತ್ತಾ ಇದೆ ಅಂದ್ಕೊಳ್ಳಿ. ಅದು 500 ಜ್ಯೋತಿರ್ವರ್ಷದ ಹತ್ತಿರಕ್ಕೆ ಬರ್ಬೇಕು. ಲೆಕ್ಕ ಹಾಕಿದ್ರೆ, ಅದು ತನ್ನ ಬಂಡವಾಳದಲ್ಲಿ 100ಕ್ಕೆ 95ಕ್ಕಿಂತ ಹೆಚ್ಚು ಪಾಲು ಬೇರೆ ಯಾರಿಗಾದ್ರೂ ಕೊಡಬೇಕು. ಅಂದ್ರೆ ಪ್ರಶ್ನೆ "ಯಾರು ಎಳೀತಾರೆ" ಅನ್ನೋದಲ್ಲ. ಪ್ರಶ್ನೆ "ಬಂಡವಾಳ ಯಾರು ತಗೋತಾರೆ" ಅನ್ನೋದು. ಸಿಂಕ್ ಉದಾಹರಣೆಯಲ್ಲಿ ನಾನು ಬಿಟ್ಟಿದ್ದು ಇದನ್ನೇ.

ತಗೊಳ್ಳೋ ಒಬ್ಬ ದೊಡ್ಡ ಗಿರಾಕಿ ಇದ್ದಾನೆ. ಅವನ ಹೆಸರು ಬಾರ್.

ಈ ಬಾರ್ ಆ ಬಾರ್ ಅಲ್ಲ

ನಗಬೇಡಿ. ಸುರುಳಿ ಗ್ಯಾಲಕ್ಸಿಗಳ ಚಿತ್ರ ನೋಡಿದ್ರೆ, ಕೆಲವದರಲ್ಲಿ ಸುರುಳಿ ತೋಳುಗಳು ನಡುವಿನ ಗುಂಡಗಿನ ಭಾಗದಿಂದಲೇ ಹೊರಡುತ್ವೆ. ಇನ್ನು ಕೆಲವದರಲ್ಲಿ ನಡುವೆ ಉದ್ದಕ್ಕೆ ಒಂದು ಕೋಲು ಇಟ್ಟ ಹಾಗೆ ನಕ್ಷತ್ರಗಳ ಪಟ್ಟಿ ಇರುತ್ತೆ. ಆ ಪಟ್ಟಿಯ ಎರಡು ತುದಿಯಿಂದ ತೋಳುಗಳು ಶುರು ಆಗ್ತವೆ. ಆ ಪಟ್ಟಿಯೇ ಬಾರ್. ಇಂಥ ಗ್ಯಾಲಕ್ಸಿಗೆ ಪಟ್ಟಿ ಇರೋ ಸುರುಳಿ ಗ್ಯಾಲಕ್ಸಿ ಅಂತಾರೆ. ಇದೇನು ಅಪರೂಪ ಅಲ್ಲ. ಸಣ್ಣ, ಮಸುಕಾದ ಬಾರ್‌ಗಳನ್ನೂ ಸೇರಿಸಿದ್ರೆ ನಮ್ಮ ಸುತ್ತಮುತ್ತಲಿನ ಸುರುಳಿ ಗ್ಯಾಲಕ್ಸಿಗಳಲ್ಲಿ ಮೂರರಲ್ಲಿ ಎರಡಕ್ಕೆ ಬಾರ್ ಇದೆ. ನಮ್ಮ ಆಕಾಶಗಂಗೆಯೂ ಅವುಗಳಲ್ಲೊಂದು.

ಬಾರ್ ಒಳಗಿನ ನಕ್ಷತ್ರಗಳು ಗುಂಡಗೆ ಸುತ್ತಲ್ಲ. ಬಾರ್‌ನ ಉದ್ದಕ್ಕೆ ಸೌತೆಕಾಯಿ ಆಕಾರದಲ್ಲಿ ಸುತ್ತುತ್ವೆ. ಜೊತೆಗೆ ಇಡೀ ಬಾರ್ ಫ್ಯಾನ್ ರೆಕ್ಕೆ ಥರ ತಿರುಗ್ತಾ ಇರುತ್ತೆ. ನಮ್ಮ ಗ್ಯಾಲಕ್ಸಿಯ ಬಾರ್ ಒಂದು ಸಲ ತಿರುಗೋಕೆ ಸುಮಾರು 16 ಕೋಟಿ ವರ್ಷ ಬೇಕು. ನಿಧಾನ ಅನ್ಸಿದ್ರೂ, ಕೋಟ್ಯಂತರ ಸೂರ್ಯರ ತೂಕದ ರೆಕ್ಕೆ ಅದು. ಅದರ ಗುರುತ್ವ ಎಲ್ಲಾ ಕಡೆಗೂ ಒಂದೇ ಸಮ ಇರಲ್ಲ. ಉದ್ದಕ್ಕೆ ಒಂದು ಥರ, ಅಡ್ಡಕ್ಕೆ ಇನ್ನೊಂದು ಥರ. ಗ್ಯಾಸ್‌ನ ಹಣೆಬರಹ ಬದಲಾಗೋದು ಇಲ್ಲಿಂದ.

ನಕ್ಷತ್ರ ಪಾರಾಗುತ್ತೆ, ಗ್ಯಾಸ್ ಡಿಕ್ಕಿ ಹೊಡೆಯುತ್ತೆ

ಒಂದು ಪ್ರಶ್ನೆ ನನಗೂ ಬಂದಿತ್ತು. ಅದೇ ಬಾರ್ ಒಳಗೆ ನಕ್ಷತ್ರಗಳೂ ಇವೆ, ಗ್ಯಾಸೂ ಇದೆ. ನಕ್ಷತ್ರಗಳು ಆರಾಮಾಗಿ ಸುತ್ತುತ್ವೆ, ಗ್ಯಾಸ್ ಮಾತ್ರ ಯಾಕೆ ಒಳಗೆ ಜಾರುತ್ತೆ?

ಉತ್ತರ: ನಕ್ಷತ್ರಗಳ ಮಧ್ಯೆ ಇರೋ ಜಾಗ. ಸೂರ್ಯನನ್ನ ಒಂದು ಕರಿಮೆಣಸಿನ ಕಾಳು ಮಾಡಿ ಮಡಿಕೇರಿಯಲ್ಲಿ ಇಡಿ. ಅದೇ ಲೆಕ್ಕದಲ್ಲಿ ಪಕ್ಕದ ನಕ್ಷತ್ರದ ಕಾಳು ಎಲ್ಲಿರುತ್ತೆ ಗೊತ್ತಾ? ಮದ್ದೂರಿನಲ್ಲಿ. ವಡೆ ತಿನ್ನೋಕೆ ಹೋದ್ರೆ ಸಿಗಬಹುದು. ಮಧ್ಯದಲ್ಲಿ ಇನ್ನೊಂದು ಕಾಳಿಲ್ಲ. ಗ್ಯಾಲಕ್ಸಿ ನಡುವಿನ ಹತ್ರ ನಕ್ಷತ್ರಗಳು ಇದಕ್ಕಿಂತ ಒತ್ತಾಗಿದ್ರೂ, ಎರಡು ನಕ್ಷತ್ರದ ದಾರಿ ಒಂದನ್ನೊಂದು ದಾಟಿದ್ರೆ ಡಿಕ್ಕಿ ಆಗೋದು ತೀರಾ ಅಪರೂಪ. ಸುಮ್ನೆ ದಾಟಿ ಹೋಗ್ತವೆ.

ಗ್ಯಾಸ್ ಹಾಗಲ್ಲ. ಬಹುಪಾಲು ಹೈಡ್ರೋಜನ್, ಸ್ವಲ್ಪ ಹೀಲಿಯಂ, ಜೊತೆಗೆ ಚೂರು ದೂಳು. ಇದು ಜಾಗ ತುಂಬ್ಕೊಂಡು ಹರಡಿರುತ್ತೆ. ಒಂದೊಂದು ಮೋಡವೇ ಹತ್ತಾರು ಜ್ಯೋತಿರ್ವರ್ಷ ಅಗಲ. ಎರಡು ಗ್ಯಾಸ್ ದಾರಿಗಳು ಅಡ್ಡ ಬಂದ್ರೆ ಡಿಕ್ಕಿ ಆಗ್ಲೇಬೇಕು. ಮಾಂದಲ್‌ಪಟ್ಟಿ ದಾರಿಯಲ್ಲಿ ಇಳಿಯೋ ಜೀಪ್, ಹತ್ತೋ ಜೀಪ್ ಎದುರುಬದುರು ಆದ ಹಾಗೆ. ಒಬ್ಬರ ಮೂಲಕ ಇನ್ನೊಬ್ಬರು ಹೋಗೋಕೆ ಆಗಲ್ಲ.

ಆ ಸೌತೆಕಾಯಿ ದಾರಿಗಳು ಒಳಒಳಗೆ ಹೋದ ಹಾಗೆ ಸಪೂರ ಆಗ್ತವೆ. ತುದಿಗಳು ಮೊನಚಾಗ್ತವೆ. ಒಂದು ಹಂತದಲ್ಲಿ ದಾರಿ ತನ್ನನ್ನೇ ತಾನು ದಾಟೋ ಹಾಗಾಗುತ್ತೆ. ನಕ್ಷತ್ರಕ್ಕೆ ಅದು ಸಮಸ್ಯೆ ಅಲ್ಲ. ಗ್ಯಾಸ್‌ಗೆ ಅಲ್ಲೇ ಅಪಘಾತ. ಸೆಕೆಂಡಿಗೆ ನೂರು ಕಿಲೋಮೀಟರ್‌ಗೂ ಮೀರಿದ ವೇಗ ಹಠಾತ್ತಾಗಿ ಮುರಿಯುತ್ತೆ. ಇದಕ್ಕೆ ಶಾಕ್, ಆಘಾತ ಅಲೆ ಅಂತಾರೆ. ಗ್ಯಾಸ್ ಒತ್ತಿಕೊಳ್ಳುತ್ತೆ, ಬಿಸಿ ಆಗುತ್ತೆ, ಆ ಬಿಸಿಯನ್ನ ಬೆಳಕಾಗಿ, ರೇಡಿಯೋ ಅಲೆಯಾಗಿ ಹೊರಗೆ ಬಿಡುತ್ತೆ. ಬಿಟ್ಟ ಶಕ್ತಿ ವಾಪಸ್ ಬರಲ್ಲ.

ಸುತ್ತುವ ಬಂಡವಾಳ ಹೋಗೋದೂ ಇದೇ ಜಾಗದಲ್ಲಿ. ಬಾರ್ ತಿರುಗೋ ದಿಕ್ಕಿನಲ್ಲಿ ಅದರ ಮುಂಭಾಗದ ಅಂಚಿಗೆ ಗ್ಯಾಸ್ ಬಂದು ಒತ್ತಾಗಿ ಸೇರುತ್ತೆ. ನಕ್ಷತ್ರಗಳ ಭಾರ ಇರೋದು ಅದರ ಹಿಂದೆ. ಹಿಂದಿನ ಭಾರ ಗ್ಯಾಸ್‌ನ ಹಿಂದಕ್ಕೆ ಜಗ್ಗುತ್ತೆ, ಬ್ರೇಕ್ ಹಾಕಿದ ಹಾಗೆ. ಗ್ಯಾಸ್ ಖಾತೆಯಲ್ಲಿ ಬಂಡವಾಳ ಕಮ್ಮಿ, ಬಾರ್ ಖಾತೆಯಲ್ಲಿ ಜಾಸ್ತಿ. ಬಾರ್ ತಾನೇನೂ ಕೂಡಿಡಲ್ಲ. ಅದು ಗ್ಯಾಲಕ್ಸಿಯ ಹೊರಭಾಗಕ್ಕೆ, ಡಾರ್ಕ್ ಮ್ಯಾಟರ್‌ಗೆ ವರ್ಗಾವಣೆ ಮಾಡುತ್ತೆ. ಬಾರ್ ತುದಿಯಿಂದ ಆಚೆ ಇರೋ ಗ್ಯಾಸ್‌ಗೆ ಇದರಲ್ಲಿ ಪಾಲು ಸಿಕ್ಕಿ, ಅದು ಇನ್ನೂ ಹೊರಗೆ ಹೋಗುತ್ತೆ. ಲೆಕ್ಕ ಟ್ಯಾಲಿ.

ಫೋನ್‌ನಲ್ಲಿ ಎನ್‌ಜಿಸಿ 1300 ಅಂತ ಹುಡುಕಿ, ಹಬಲ್ ತೆಗೆದ ಚಿತ್ರ ನೋಡಿ. ಬಾರ್ ಒಳಗೆ ಎರಡು ಕಡೆಯಿಂದ ನಡುವಿಗೆ ಬರೋ ಸಪೂರ ಕಂದು ಗೆರೆಗಳು ಕಾಣ್ತವೆ. ಅವೇ ದೂಳಿನ ಪಟ್ಟೆಗಳು. ಡಿಕ್ಕಿ ಆಗಿ ಒತ್ತಿಕೊಂಡ ಗ್ಯಾಸ್ ಮತ್ತು ದೂಳು ಅಲ್ಲಿ ಸೇರಿದೆ. 1992ರಲ್ಲಿ ಲಿಯಾ ಅಥನಸ್ಸೌಲಾ ಅನ್ನೋ ವಿಜ್ಞಾನಿ ಕಂಪ್ಯೂಟರ್ ಲೆಕ್ಕದಲ್ಲಿ ಗ್ಯಾಸ್ ಹರಿಸಿ, ಆ ಪಟ್ಟೆಗಳ ಆಕಾರ ಶಾಕ್‌ಗಳ ಆಕಾರಕ್ಕೆ ಹೊಂದುತ್ತೆ ಅಂತ ತೋರಿಸಿದ್ರು. ಅಂದ್ರೆ ಆ ಕಂದು ಗೆರೆಗಳು ಗ್ಯಾಸ್‌ನ ಇಳಿಜಾರು ದಾರಿ. ಬಾರ್‌ನಿಂದ ನಡುವಿಗೆ ಬರೋಕೆ ಕೆಲವು ಕೋಟಿ ವರ್ಷ ಸಾಕು. ಗ್ಯಾಲಕ್ಸಿಗಳ ಲೆಕ್ಕದಲ್ಲಿ ಅದು ಎಕ್ಸ್‌ಪ್ರೆಸ್ ಬಸ್ಸು.

ನಡುವಿಗೆ ಮೊದಲೇ ನಿಲ್ದಾಣ

ಹಾಗಾದ್ರೆ ಗ್ಯಾಸ್ ನೇರ ಬ್ಲ್ಯಾಕ್ ಹೋಲ್‌ಗೆ ಹೋಯ್ತಾ? ಇಲ್ಲ. ನನ್ನ ಸಿಂಕ್ ಉದಾಹರಣೆ ಎರಡನೇ ಸಲ ಸೋಲೋದು ಇಲ್ಲಿ.

ಬಾರ್‌ನ ತೀರಾ ಒಳಗೆ ಇನ್ನೊಂದು ಥರದ ದಾರಿಗಳಿವೆ. ದೊಡ್ಡ ಸೌತೆಕಾಯಿ ದಾರಿಗಳು ಬಾರ್‌ನ ಉದ್ದಕ್ಕೆ ಇದ್ರೆ, ಇವು ಅದಕ್ಕೆ ಅಡ್ಡಕ್ಕೆ, ಹೆಚ್ಚುಕಮ್ಮಿ ಗುಂಡಗೆ ಇರ್ತವೆ. ವಿಜ್ಞಾನಿಗಳು ಮೊದಲನೆಯದಕ್ಕೆ ಎಕ್ಸ್-ಒನ್, ಎರಡನೆಯದಕ್ಕೆ ಎಕ್ಸ್-ಟೂ ಅಂತ ಹೆಸರಿಟ್ಟಿದ್ದಾರೆ. ಪಟ್ಟೆಯಲ್ಲಿ ಜಾರಿ ಬಂದ ಗ್ಯಾಸ್ ಈ ಎರಡನೇ ದಾರಿಗೆ ಸೇರುತ್ತೆ. ಕೆಲವು ಗ್ಯಾಸ್ ವೇಗ ಜಾಸ್ತಿಯಾಗಿ ನಡುವನ್ನ ದಾಟಿ, ಆ ಕಡೆಯ ಪಟ್ಟೆಗೆ ಹೋಗಿ ಗುದ್ದುತ್ತೆ. ಆದ್ರೆ ಒಮ್ಮೆ ಗುಂಡಗಿನ ದಾರಿಗೆ ಸೇರಿದ್ಮೇಲೆ ದಾರಿಗಳು ಒಂದನ್ನೊಂದು ದಾಟಲ್ಲ. ಡಿಕ್ಕಿ ಇಲ್ಲ, ಬಂಡವಾಳ ಕಳ್ಕೊಳ್ಳೋದೂ ನಿಂತಂಗೆ. ಗ್ಯಾಸ್ ಅಲ್ಲೇ ಸುತ್ತುತ್ತಾ ರಾಶಿ ಬೀಳುತ್ತೆ, ಉಂಗುರ ಆಗುತ್ತೆ. ಮಡಿಕೇರಿ ದಸರಾ ರಾತ್ರಿ ಎಲ್ಲಾ ದಿಕ್ಕಿನಿಂದ ಊರಿಗೆ ಬಂದ ವಾಹನಗಳು ಒಳಗೂ ಹೋಗಕ್ಕಾಗದೆ, ವಾಪಸ್ಸೂ ಬರಕ್ಕಾಗದೆ ಸುತ್ತು ಹೊಡೆಯುತ್ತಲ್ಲ, ಅದೇ ಸ್ಥಿತಿ.

ದಟ್ಟಣೆ ಆದ್ಮೇಲೆ ಅಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ವೆ. ಸುಮಾರು 4.5 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 1097 ಅನ್ನೋ ಗ್ಯಾಲಕ್ಸಿಯ ಚಿತ್ರದಲ್ಲಿ ಇದು ಎದ್ದು ಕಾಣುತ್ತೆ. ಬಾರ್ ಒಳಗಿನ ಪಟ್ಟೆಗಳು, ಅವು ತಲುಪೋ ಜಾಗದಲ್ಲಿ ಸುಮಾರು 5 ಸಾವಿರ ಜ್ಯೋತಿರ್ವರ್ಷ ಅಗಲದ ಹೊಳೆಯೋ ಉಂಗುರ. ಎಳೆಯ ನಕ್ಷತ್ರಗಳಿಂದ ಪೋಣಿಸಿದ ಸರದ ಹಾಗೆ. ಆದ್ರೆ ಅದೇ ಪಟ್ಟೆಗಳ ಉದ್ದಕ್ಕೆ, ಗ್ಯಾಸ್ ಅಷ್ಟೊಂದು ಇದ್ರೂ, ನಕ್ಷತ್ರ ಹುಟ್ಟೋದು ಕಮ್ಮಿ. ಓಟದ ರಭಸಕ್ಕೆ ಮೋಡಗಳು ಎಳೆದು ಹರಿದು ಹೋಗ್ತವೆ. ಓಡ್ತಾ ಇರೋವಾಗ ಮನೆ ಕಟ್ಟೋಕಾಗಲ್ಲ, ನಿಂತ್ಮೇಲೆ ಆಗುತ್ತೆ.

ನಮ್ಮ ಗ್ಯಾಲಕ್ಸಿಯ ಒಳಗೇ ಕೂತು ತಿಳಿಯೋದು ಹೇಗೆ?

ಬೇರೆ ಗ್ಯಾಲಕ್ಸಿ ಆದ್ರೆ ಫೋಟೋ ತೆಗೀಬಹುದು. ನಮ್ಮದರ ಒಳಗೇ ನಾವಿದ್ದೀವಿ. ನಡುವೆ ದೂಳು ಬೇರೆ ಅಡ್ಡ. ಕಣ್ಣಿಗೆ ಕಾಣೋ ಬೆಳಕು ಅದನ್ನ ದಾಟಿ ಬರಲ್ಲ. ಆದ್ರೆ ರೇಡಿಯೋ ಅಲೆ ಬರುತ್ತೆ. ಹೈಡ್ರೋಜನ್ ಪರಮಾಣು 21 ಸೆಂಟಿಮೀಟರ್ ಅಲೆ ಬಿಡುತ್ತೆ. ಅದನ್ನ ಮೊದಲ ಸಲ ಹಿಡಿದಿದ್ದು 1951ರಲ್ಲಿ. ದಟ್ಟ ತಣ್ಣನೆ ಗ್ಯಾಸ್‌ನಲ್ಲಿರೋ ಕಾರ್ಬನ್ ಮೊನಾಕ್ಸೈಡ್ ಸುಮಾರು 2.6 ಮಿಲಿಮೀಟರ್ ಅಲೆ ಬಿಡುತ್ತೆ. ಸಂಪಾಜೆ ಘಾಟಿಯಲ್ಲಿ ನಮ್ಮ ಕಡೆ ಬರೋ ಬಸ್ಸಿನ ಹಾರ್ನ್ ತೀಕ್ಷ್ಣವಾಗಿ, ದಾಟಿ ಹೋದ್ಮೇಲೆ ಮಂದವಾಗಿ ಕೇಳುತ್ತಲ್ಲ? ಹಾಗೇ ಈ ಅಲೆಗಳ ಉದ್ದ ಎಷ್ಟು ಬದಲಾಯ್ತು ಅಂತ ನೋಡಿದ್ರೆ ಗ್ಯಾಸ್ ಬರ್ತಾ ಇದೆಯಾ, ಹೋಗ್ತಾ ಇದೆಯಾ, ಎಷ್ಟು ವೇಗ ಅಂತ ಗೊತ್ತಾಗುತ್ತೆ.

1950ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಹೀಗೆ ಗ್ಯಾಲಕ್ಸಿ ನಡುವಿನ ದಿಕ್ಕಿಗೆ ನೋಡಿದಾಗ ಒಂದು ವಿಚಿತ್ರ ಕಂಡಿತು. ನಡುವಿಗೂ ನಮಗೂ ಮಧ್ಯೆ ಇರೋ ಒಂದು ಗ್ಯಾಸ್ ತೋಳು ಸೆಕೆಂಡಿಗೆ 53 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆ ಬರ್ತಾ ಇದೆ. ಅಂದ್ರೆ ಗಂಟೆಗೆ 1 ಲಕ್ಷ 90 ಸಾವಿರ ಕಿಲೋಮೀಟರ್. ಗ್ಯಾಸ್ ಗುಂಡಗೆ ಸುತ್ತುತ್ತಾ ಇದ್ರೆ ಆ ದಿಕ್ಕಿನಲ್ಲಿ ನಮ್ಮ ಕಡೆ ಬರೋ ವೇಗ ಸೊನ್ನೆ ಇರಬೇಕಿತ್ತು. ಹಾಗಾದ್ರೆ ನಡುವೆ ಯಾವುದೋ ದೊಡ್ಡ ಸ್ಫೋಟ ಆಗಿ ಗ್ಯಾಸ್ ಹೊರಗೆ ಎರಚಿಕೊಂಡಿದೆಯಾ ಅಂತ ಯೋಚನೆ ಶುರುವಾಯ್ತು.

1964ರಲ್ಲಿ ಜೆರಾರ್ ದ ವೊಕುಲರ್ ಅನ್ನೋರು ಬೇರೆ ಉತ್ತರ ಮುಂದಿಟ್ರು. ಸ್ಫೋಟ ಬೇಡ. ನಮ್ಮ ಗ್ಯಾಲಕ್ಸಿಗೂ ಒಂದು ಬಾರ್ ಇದ್ರೆ, ಗ್ಯಾಸ್ ಉದ್ದನೆ ದಾರಿಯಲ್ಲಿ ಸುತ್ತುತ್ತೆ, ಅದರಲ್ಲಿ ಸ್ವಲ್ಪ ದೂರ ನಮ್ಮ ಕಡೆ ಬರೋ ಹಾಗೆ ಕಾಣುತ್ತೆ, ಅಷ್ಟೇ. ಆ ಮಾತು ಎಲ್ಲರೂ ಒಪ್ಪೋಕೆ ಹೆಚ್ಚುಕಮ್ಮಿ 30 ವರ್ಷ ಬೇಕಾಯ್ತು. 1991ರಲ್ಲಿ ಒಂದು ಕಡೆ ಗ್ಯಾಸ್ ವೇಗದ ಲೆಕ್ಕ, ಇನ್ನೊಂದು ಕಡೆ ಇನ್‌ಫ್ರಾರೆಡ್ ಬೆಳಕಿನ ಹಂಚಿಕೆ, ಎರಡೂ ಬಾರ್ ಕಡೆಗೇ ಬೆರಳು ತೋರಿಸಿದ್ವು. 2008ರಲ್ಲಿ ನಡುವಿನ ಆಚೆ ಬದಿಯಲ್ಲಿ ಅದೇ ಥರದ ಜೋಡಿ ತೋಳು ಸಿಕ್ತು, ಅದು ನಮ್ಮಿಂದ ದೂರ ಹೋಗ್ತಾ ಇತ್ತು. ನೋಡಿ, ನಮ್ಮ ಗ್ಯಾಲಕ್ಸಿಗೆ ಬಾರ್ ಇದೆ ಅನ್ನೋ ಮೊದಲ ಸುಳಿವು ಕೊಟ್ಟಿದ್ದು ಗ್ಯಾಸ್‌ನ ಓಟ.

ಬೆಂಗಳೂರಿನಿಂದ ಕಂಡ ಒಣ ಹೊಲ

ಬಾರ್ ಗ್ಯಾಸ್‌ನ ನಡುವಿಗೆ ಸಾಗಿಸುತ್ತೆ ಸರಿ. ಸಾಗಿಸಿದ್ಮೇಲೆ ಬಾರ್ ಇರೋ ಜಾಗದ ಗತಿ ಏನು? ಈ ಪ್ರಶ್ನೆಗೆ ನಮ್ಮ ಕರ್ನಾಟಕದಿಂದಲೇ ಒಂದು ಒಳ್ಳೆ ಉತ್ತರ ಬಂದಿದೆ.

ಬೆಂಗಳೂರಿನ ಕೋರಮಂಗಲದಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಇದೆ. ಚಿಕ್ಕದಾಗಿ ಐಐಎ. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ನೇರಳಾತೀತ ದೂರದರ್ಶಕ ಇದೆಯಲ್ಲ, ಅದನ್ನ ರೂಪಿಸೋದರಲ್ಲಿ ಮುಂದಾಳತ್ವ ಇವರದ್ದೇ. ನೇರಳಾತೀತ ಬೆಳಕು ಯಾಕೆ ಮುಖ್ಯ ಅಂದ್ರೆ, ಅದನ್ನ ಜಾಸ್ತಿ ಬಿಡೋದು ಎಳೆಯ, ಬಿಸಿ ನಕ್ಷತ್ರಗಳು. ಆ ಬೆಳಕು ಇದ್ರೆ ಇತ್ತೀಚೆಗೆ ಹೆರಿಗೆ ಆಗಿದೆ ಅಂತ ಅರ್ಥ. ಇಲ್ಲ ಅಂದ್ರೆ ಆಸ್ಪತ್ರೆ ಮುಚ್ಚಿದೆ ಅಂತ.

2019ರಲ್ಲಿ ಕೋಶಿ ಜಾರ್ಜ್ ಮತ್ತು ಸಂಗಡಿಗರು, ಐಐಎ ಮತ್ತು ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದವರು ಸೇರಿ, ಮೆಸ್ಸಿಯೇ 95 ಅನ್ನೋ ಗ್ಯಾಲಕ್ಸಿ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದ್ರು. ಈ ಗ್ಯಾಲಕ್ಸಿ ಸಿಂಹ ರಾಶಿಯ ದಿಕ್ಕಿನಲ್ಲಿ, ಸುಮಾರು 3.3 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಒಳ್ಳೆ ಬಾರ್ ಇದೆ. ಅವರು ಹೊಸ ದೂರದರ್ಶಕ ತಿರುಗಿಸಲಿಲ್ಲ. ಬೇರೆ ಬೇರೆ ದೂರದರ್ಶಕಗಳು ಆಗಲೇ ತೆಗೆದು ಸಂಗ್ರಹದಲ್ಲಿಟ್ಟಿದ್ದ ಚಿತ್ರಗಳನ್ನ ತೆಗೆದ್ರು. ಸಾಮಾನ್ಯ ಬೆಳಕು, ನೇರಳಾತೀತ, ಇನ್‌ಫ್ರಾರೆಡ್, ಗ್ಯಾಸ್‌ನ ನಕ್ಷೆ, ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ತಾಳೆ ನೋಡಿದ್ರು. ಅಕೌಂಟ್ಸ್‌ನವರು ಇದಕ್ಕೆ ರಿಕನ್ಸಿಲಿಯೇಶನ್ ಅಂತೀವಿ.

ಕಂಡಿದ್ದೇನು? ನೇರಳಾತೀತದಲ್ಲಿ ನಡು ಹೊಳೀತಾ ಇದೆ, ಹೊರಗಿನ ಭಾಗವೂ ಹೊಳೀತಾ ಇದೆ. ಎರಡರ ಮಧ್ಯೆ ಖಾಲಿ ಜಾಗ. ಆ ಖಾಲಿ ಜಾಗದ ಅಳತೆ, ಬಾರ್‌ನ ಉದ್ದಕ್ಕೆ ಸರಿಹೊಂದುತ್ತೆ. ಗ್ಯಾಸ್ ನಕ್ಷೆಯಲ್ಲೂ ಅದೇ ಜಾಗದಲ್ಲಿ ಬರಗಾಲ. ಅವರ ತೀರ್ಮಾನ: ಬಾರ್ ತನ್ನ ಸುತ್ತಲಿನ ಗ್ಯಾಸನ್ನ ನಡುವಿಗೆ ಸಾಗಿಸಿಬಿಟ್ಟಿದೆ. ನಕ್ಷತ್ರ ಹುಟ್ಟೋಕೆ ಬೇಕಾದ ಇಂಧನ ಅಲ್ಲಿ ಉಳಿದಿಲ್ಲ.

ಇದನ್ನ ಓದ್ದಾಗ ನನಗೆ ಕಾಲುವೆ ನೆನಪಾಯ್ತು. ಕಾಲುವೆ ತೋಡಿದ್ರೆ ಕೆಳಗಿನ ಗದ್ದೆಗೆ ನೀರು, ಸರಿ. ಆದ್ರೆ ನೀರು ಬಸಿದು ಹೋದ ಮೇಲಿನ ಗದ್ದೆ? ಬಾರ್ ಒಂದೇ ಕೈಯಲ್ಲಿ ಎರಡು ಕೆಲಸ ಮಾಡುತ್ತೆ. ನಡುವಿಗೆ ಉಣಿಸುತ್ತೆ, ತನ್ನದೇ ಜಾಗವನ್ನ ಒಣಗಿಸುತ್ತೆ. ಗ್ಯಾಲಕ್ಸಿಯ ಆಯಸ್ಸು ನಿರ್ಧಾರ ಆಗೋದರಲ್ಲಿ ಈ ಬಾರ್‌ಗೂ ಒಂದು ಪಾತ್ರ ಇದೆ.

ಕೊನೆಗೆ ಬ್ಲ್ಯಾಕ್ ಹೋಲ್‌ಗೆ ಎಷ್ಟು?

ವಾಪಸ್ ನಮ್ಮನೆಗೆ ಬರೋಣ. ನಮ್ಮ ಗ್ಯಾಲಕ್ಸಿಯ ಬಾರ್ ಹೆಚ್ಚುಕಮ್ಮಿ ವರ್ಷಕ್ಕೆ ಒಂದು ಸೂರ್ಯನಷ್ಟು ಗ್ಯಾಸ್ ನಡುವಿನ ಉಂಗುರದಂಥ ಪ್ರದೇಶಕ್ಕೆ ತಂದು ಹಾಕುತ್ತೆ. ಅದು ಬ್ಲ್ಯಾಕ್ ಹೋಲ್‌ನಿಂದ ನೂರಾರು ಜ್ಯೋತಿರ್ವರ್ಷ ದೂರ. ಅಲ್ಲಿರೋ ದಾಸ್ತಾನು ಕೆಲವು ಕೋಟಿ ಸೂರ್ಯರಷ್ಟು. ಹೊಸ ನಕ್ಷತ್ರಗಳಿಗೆ ಖರ್ಚಾಗೋದು ವರ್ಷಕ್ಕೆ ಸೂರ್ಯನ ಹತ್ತನೇ ಒಂದು ಭಾಗದಷ್ಟು. ಅಷ್ಟು ದಟ್ಟ ಗ್ಯಾಸ್‌ಗೆ ಇದು ತುಂಬಾ ಕಮ್ಮಿ. ಅಲ್ಲಿ ಒಂದು ಮೋಡಕ್ಕೆ 'ಬ್ರಿಕ್', ಅಂದ್ರೆ ಇಟ್ಟಿಗೆ ಅಂತ ಹೆಸರು. ಸುಮಾರು 1 ಲಕ್ಷ ಸೂರ್ಯರ ತೂಕ. ಆದ್ರೂ ಒಳಗೆ ನಕ್ಷತ್ರ ಹುಟ್ಟೋದು ಅಷ್ಟಕ್ಕಷ್ಟೇ. ಗ್ಯಾಸ್ ಅಲ್ಲಿ ಅಷ್ಟು ಕಲಕಿದೆ.

ಉಂಗುರದಿಂದ ಒಳಗೆ ಹೋಗೋಕೆ ಬಾರ್ ಸಹಾಯ ಮಾಡಲ್ಲ. ಅಲ್ಲಿಂದ ಮುಂದೆ ಬಂಡವಾಳ ಬಿಡಿಸೋಕೆ ಬೇರೆಯವರು ಬೇಕು. ನಕ್ಷತ್ರ ಸ್ಫೋಟದ ಅಲುಗಾಟ, ಮೋಡ ಮೋಡಗಳ ಡಿಕ್ಕಿ, ಕಾಂತಕ್ಷೇತ್ರದ ಜಗ್ಗಾಟ, ಹೀಗೆ. ಒಂದೊಂದು ಹಂತದಲ್ಲೂ ಒಂದಿಷ್ಟು ಮಾತ್ರ ಮುಂದಕ್ಕೆ. ಬ್ಲ್ಯಾಕ್ ಹೋಲ್‌ನಿಂದ ಕೆಲವೇ ಜ್ಯೋತಿರ್ವರ್ಷ ದೂರದಲ್ಲಿ ಇನ್ನೊಂದು ಗ್ಯಾಸ್ ಉಂಗುರ ಇದೆ, ಅಲ್ಲಿಯೂ ಒಂದು ಕಾಯುವ ಕೋಣೆ. ಕೊನೆಗೆ ಬಾಯಿಗೆ ಬೀಳೋದು ಎಷ್ಟು ಗೊತ್ತಾ? ವರ್ಷಕ್ಕೆ ಸೂರ್ಯನ 10 ಕೋಟಿ ಭಾಗದಲ್ಲಿ ಒಂದು ಭಾಗದ ಆಸುಪಾಸು. ಅಂದ್ರೆ ಬಾರ್ ಒಂದು ರೂಪಾಯಿ ತಂದ್ರೆ, ಬ್ಲ್ಯಾಕ್ ಹೋಲ್‌ಗೆ ಸಿಗೋದು ಒಂದು ಪೈಸೆಯನ್ನ 10 ಲಕ್ಷ ಚೂರು ಮಾಡಿದ್ರೆ ಅದರಲ್ಲಿ ಒಂದು ಚೂರು.

ಎಲ್ಲವನ್ನೂ ನುಂಗೋ ರಾಕ್ಷಸ ಅಂತ ಹೆದರಿಸಿದ್ದೆನಲ್ಲ, ಅವನು ಈಗ ಹೆಚ್ಚುಕಮ್ಮಿ ಉಪವಾಸ.

ಕೊಡಗಿನಿಂದ ನೋಡೋದು ಹೇಗೆ?

ಗ್ಯಾಲಕ್ಸಿಯ ನಡು ಇರೋ ದಿಕ್ಕು ಧನು ರಾಶಿ, ವೃಶ್ಚಿಕದ ಬಾಲದ ಪಕ್ಕ. ಆ ಬಾಲದ ಕೊನೆಯ ನಕ್ಷತ್ರವೇ ನಮ್ಮ ಮೂಲಾ ನಕ್ಷತ್ರ. ಮೂಲ ಅಂದ್ರೆ ಬೇರು. ಹೆಸರು ಹೊಂದಿಕೊಂಡಿದ್ದು ಕಾಕತಾಳೀಯ, ಆದ್ರೆ ನೆನಪಿಟ್ಕೊಳ್ಳೋಕೆ ಸುಲಭ.

ತಮಾಷೆ ಅಂದ್ರೆ ಇದು ಸಂಜೆ ಹೊತ್ತು ಚೆನ್ನಾಗಿ ಮೇಲೆ ಬರೋದು ಜುಲೈ, ಆಗಸ್ಟ್‌ನಲ್ಲಿ. ಆಗ ನಮ್ಮಲ್ಲಿ ಆಕಾಶ ಅನ್ನೋದೊಂದು ಇದೆ ಅನ್ನೋದೇ ಮರೆತು ಹೋಗಿರುತ್ತೆ. ಹಾಗಾಗಿ ಕೊಡಗಿನವರಿಗೆ ಎರಡು ಅವಕಾಶ. ಒಂದು, ಮಾರ್ಚ್‌ನಲ್ಲಿ, ಹೂಮಳೆಗೆ ಕಾಯೋ ದಿನಗಳಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಆಗ್ನೇಯಕ್ಕೆ ನೋಡಿ. ಇನ್ನೊಂದು, ಕಾವೇರಿ ಸಂಕ್ರಮಣದ ಆಸುಪಾಸು, ಅಕ್ಟೋಬರ್ ಮಧ್ಯದಲ್ಲಿ, ಮಳೆ ಬಿಟ್ಟ ಸಂಜೆ ಏಳರ ಹೊತ್ತಿಗೆ ನೈರುತ್ಯಕ್ಕೆ. ಚಂದ್ರ ಇರಬಾರದು, ಊರಿನ ಲೈಟು ಹತ್ತಿರ ಇರಬಾರದು. ಹಾಲು ಚೆಲ್ಲಿದ ಹಾಗೆ ಮಸುಕು ಪಟ್ಟಿ, ಅದರ ಮಧ್ಯೆ ಕಪ್ಪು ಕಲೆಗಳು ಕಾಣ್ತವೆ. ಆ ಕಪ್ಪು ತೂತಲ್ಲ, ದೂಳು. ದೂಳಿನ ಹಿಂದೆ ಬಾರ್, ಬಾರ್ ಒಳಗೆ ಡಿಕ್ಕಿ ಹೊಡೀತಾ ಇಳೀತಿರೋ ಗ್ಯಾಸ್.

ಒಂದು ಮನವಿ. ಹೊಸ ಹೋಂಸ್ಟೇ, ರೆಸಾರ್ಟ್ ಮಾಡೋರು ರಾತ್ರಿಯಿಡೀ ಆಕಾಶಕ್ಕೆ ಮುಖ ಮಾಡಿದ ಲೈಟು ಉರಿಸಬೇಡಿ. ಕೆಳಗೆ ಮುಖ ಮಾಡಿ ಹಾಕಿದ್ರೆ ದಾರಿಯೂ ಕಾಣುತ್ತೆ, ನಕ್ಷತ್ರವೂ ಕಾಣುತ್ತೆ. ಕರೆಂಟ್ ಬಿಲ್ಲೂ ಕಮ್ಮಿ.

ಕಳೆದ ವಾರ ಅಕ್ಕನ ಮನೆಗೆ ಹೋಗಿದ್ದೆ. ಮಗಳನ್ನ ಕೂರಿಸ್ಕೊಂಡು ಕರಿಮೆಣಸಿನ ಕಾಳು, ಸೌತೆಕಾಯಿ, ನಾಲ್ಕು ರೂಪಾಯಿ ಚಿಲ್ಲರೆ ಎಲ್ಲಾ ಇಟ್ಟು ಇದನ್ನೇ ಹೇಳಿದೆ. ಪೂರ್ತಿ ಕೇಳಿದ್ಳು. ಆಮೇಲೆ, "ಹಾಗಾದ್ರೆ ಪಾಪ, ಅದಕ್ಕೆ ಹಸಿವಾಗಲ್ವಾ ಮಾವ?" ಅಂದ್ಳು. ಅವತ್ತು ರಾತ್ರಿ ಒಂಬತ್ತಕ್ಕೇ ಮಲಗಿದ್ಳು ಅಂತ ಅಕ್ಕ ಮೆಸೇಜ್ ಹಾಕಿದ್ಳು.

ಮೇಷ್ಟ್ರೇ, ನೀವು ಕೇಳ್ತಿದ್ರೆ, ಸಿಂಕ್ ಉದಾಹರಣೆ ವಾಪಸ್ ತಗೊಂಡಿದ್ದೀನಿ. ಈ ಸಂಚಿಕೆಯಲ್ಲೂ ಏನಾದ್ರೂ ತಪ್ಪಿದ್ರೆ ವಾಯ್ಸ್ ನೋಟ್ ಕಳಿಸಿ, ತಿದ್ಕೊಳ್ತೀನಿ. ಉಳಿದವರೂ ಅಷ್ಟೇ, ಪ್ರಶ್ನೆ ಇದ್ರೆ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.